ಏರ್ ಬ್ರೇಕ್‌ನ ಗಾಳಿ ಸೋರುವುದು ಯಾವಾಗ?

ಉರ್ವಸ್ಟೋರ್ ಸ್ಟಾಪ್‌ನಲ್ಲಿ ಬಸ್ಸಿಗೆ ಕಾಯುವವರಿಗೆಲ್ಲ ಒಂದು ಸದ್ದು ಚೆನ್ನಾಗಿ ಗೊತ್ತು. ಬಸ್ ಬಂದು ನಿಲ್ಲುತ್ತದೆ, ಡ್ರೈವರ್ ಬ್ರೇಕ್‌ನಿಂದ ಕಾಲು ತೆಗೆಯುತ್ತಾರೆ, ಅಡಿಯಿಂದ ‘ಪುಸ್ಸ್’ ಎಂದು ಗಾಳಿ ಹೊರಗೆ ಬರುತ್ತದೆ. ಮಳೆಗಾಲದಲ್ಲಾದರೆ ಹತ್ತಿರ ನಿಂತವರ ಚಪ್ಪಲಿಗೆ ಸ್ವಲ್ಪ ಕೆಸರೂ ಹಾರುತ್ತದೆ. ಅದು ಸೋರಿಕೆ ಅಲ್ಲ. ಬ್ರೇಕ್ ಹಿಡಿದು ಕೆಲಸ ಮುಗಿಸಿದ ಗಾಳಿ ಹೊರಗೆ ಹೋಗುವ ಸದ್ದು. ಆದರೆ ಅದೇ ಸದ್ದು ಸಣ್ಣದಾಗಿ, ನಿಲ್ಲದೆ, ಹಳೆಯ ಗ್ಯಾಸ್ಕೆಟ್‌ನ ಕುಕ್ಕರಿನಂತೆ ಬರುತ್ತಲೇ ಇದ್ದರೆ ಅದು ಸೋರಿಕೆ. ಕಳೆದ ಜುಲೈಯಲ್ಲಿ ನಮ್ಮ ಬಸ್ಸಿನಿಂದ ಬಂದದ್ದು ಆ ಎರಡನೆಯ ಸದ್ದು.

ನಾನು ದ್ವಿತೀಯ ಪಿಯುಸಿ ಕಾಮರ್ಸ್. ಬ್ರೇಕ್ ಬಗ್ಗೆ ಬರೆಯಲು ನನಗೇನು ಅಧಿಕಾರ ಎಂದು ಸೈನ್ಸ್ ವಿಭಾಗದವರು ಕೇಳಬಹುದು. ಅಬ್ಬಾ ಅವರದು ಒಂದು ಸಣ್ಣ ಟೂರಿಸ್ಟ್ ಬಸ್ ಇದೆ. ಮಾಲೀಕರೂ ಅವರೇ, ಡ್ರೈವರೂ ಅವರೇ. ಭಾಯಿಜಾನ್ ಜುಬೈಲ್‌ಗೆ ಹೋದ ಮೇಲೆ ಬಸ್ಸಿನ ಅಡಿಗೆ ಟಾರ್ಚ್ ಹಿಡಿಯುವ ಕೆಲಸ ನನಗೆ ಬಂತು. ಹಾಗೆ ಟಾರ್ಚ್ ಹಿಡಿದು ನಿಂತಾಗ ಕಲಿತದ್ದನ್ನು ಇಲ್ಲಿ ಪಾಠದ ರೂಪದಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ಫಿಸಿಕ್ಸ್ ಲೆಕ್ಚರರ್ ತಿದ್ದಬೇಕು.

ಮೊದಲು ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ಕಾರಿನಲ್ಲಿ ಬ್ರೇಕ್ ತುಳಿದರೆ ಎಣ್ಣೆ ಒತ್ತುತ್ತದೆ. ಬಸ್ಸು, ಲಾರಿಗಳಲ್ಲಿ ಗಾಳಿ ಒತ್ತುತ್ತದೆ. ಇಂಜಿನ್ ತಿರುಗುವಾಗ ಅದರ ಜೊತೆಗೇ ಒಂದು ಕಂಪ್ರೆಸರ್ ತಿರುಗಿ ಹೊರಗಿನ ಗಾಳಿಯನ್ನು ಒತ್ತಿ ಕಳಿಸುತ್ತದೆ. ಆ ಗಾಳಿ ಡ್ರೈಯರ್ ಎಂಬ ಡಬ್ಬಿಯಲ್ಲಿ ತೇವ ಕಳೆದುಕೊಂಡು, ಚಾಸಿಸ್‌ಗೆ ಕಟ್ಟಿದ ಟ್ಯಾಂಕ್‌ಗಳಲ್ಲಿ ತುಂಬುತ್ತದೆ. ಒತ್ತಡ ಸುಮಾರು 8 ಬಾರ್ ಆದಾಗ ಡ್ರೈಯರ್ ‘ಫಟ್’ ಎಂದು ಒಮ್ಮೆ ಊದಿ, ಸಾಕು ಎನ್ನುತ್ತದೆ. ಕಾರಿನ ಟಯರಿನಲ್ಲಿ ಇರುವುದು ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು, ಅಂದರೆ ಇದು ಅದರ ಮೂರೂವರೆ ಪಟ್ಟು. ಡ್ರೈವರ್ ಪೆಡಲ್ ತುಳಿದಾಗ ಗಾಳಿ ಚಕ್ರದ ಹತ್ತಿರದ ಬ್ರೇಕ್ ಚೇಂಬರ್‌ಗೆ ಹೋಗಿ ಒಳಗಿನ ರಬ್ಬರ್ ಡಯಾಫ್ರಮ್ಮನ್ನು ತಳ್ಳುತ್ತದೆ, ಅದು ಒಂದು ರಾಡನ್ನು ತಳ್ಳುತ್ತದೆ, ಬ್ರೇಕ್ ಹಿಡಿಯುತ್ತದೆ. ಹಿಂದಿನ ಚಕ್ರ ದೂರ ಇರುವುದರಿಂದ ಅಲ್ಲಿಗೆ ಬೇಗ ಗಾಳಿ ಕೊಡಲು ಮಧ್ಯದಲ್ಲಿ ರಿಲೇ ವಾಲ್ವ್ ಎಂಬುದು ಇರುತ್ತದೆ. ಕಾಲು ತೆಗೆದರೆ ಚೇಂಬರಿನ ಗಾಳಿ ಇದೇ ವಾಲ್ವಿನ ಬಾಯಿಯಿಂದ ಹೊರಗೆ ಹೋಗುತ್ತದೆ. ನೀವು ಸ್ಟಾಪ್‌ನಲ್ಲಿ ಕೇಳುವ ‘ಪುಸ್ಸ್’ ಅದೇ.

ಹಾಗಾದರೆ ಗಾಳಿಯೇ ಖಾಲಿಯಾದರೆ? ಈ ಪ್ರಶ್ನೆ ಬಸ್ಸಿಗಿಂತ ಮೊದಲು ರೈಲಿಗೆ ಬಂದಿತ್ತು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬಾತ 1869ರಲ್ಲಿ ರೈಲಿನ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದ. ಆಗ ಅವನಿಗೆ 22 ವರ್ಷ, ನಮಗಿಂತ ಐದೇ ವರ್ಷ ದೊಡ್ಡವನು. ಅವನ ಮೊದಲ ಬ್ರೇಕಿನಲ್ಲಿ ಗಾಳಿ ಬಂದರೆ ಬ್ರೇಕ್ ಹಿಡಿಯುತ್ತಿತ್ತು. ಪೈಪ್ ಒಡೆದರೆ ಬ್ರೇಕೇ ಇಲ್ಲ. ಮೂರು ವರ್ಷದ ನಂತರ, 1872ರಲ್ಲಿ ಅವನು ಅದನ್ನು ತಿರುಗಿಸಿದ. ಪೈಪಿನಲ್ಲಿ ಗಾಳಿ ಇರುವವರೆಗೆ ಬ್ರೇಕ್ ಬಿಟ್ಟಿರುತ್ತದೆ, ಗಾಳಿ ಹೋದರೆ ಬ್ರೇಕ್ ತಾನಾಗಿ ಹಿಡಿಯುತ್ತದೆ. ನಮ್ಮ ರೈಲುಗಳಲ್ಲಿ ಇಂದಿಗೂ ಇದೇ ತತ್ವ. ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡ ಇರುತ್ತದೆ. ಅಪಾಯದ ಚೈನ್ ಎಳೆದರೆ ಆ ಪೈಪಿನ ಗಾಳಿ ಹೊರಗೆ ಹೋಗುತ್ತದೆ. ಅಂದರೆ ಚೈನ್ ಎಳೆಯುವುದೆಂದರೆ ಬೇಕೆಂದೇ ಮಾಡುವ ಒಂದು ಸೋರಿಕೆ. ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಬಸ್ಸಿನಲ್ಲಿ ಈ ಕೆಲಸವನ್ನು ಸ್ಪ್ರಿಂಗ್ ಮಾಡುತ್ತದೆ. ನಮ್ಮ ಬಸ್ಸಿನ ಹಿಂದಿನ ಬ್ರೇಕ್ ಚೇಂಬರ್ ನೋಡಲು ಎರಡು ಡಬ್ಬಿಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದಂತೆ ಇದೆ. ಒಂದು ಡಬ್ಬಿ ಕಾಲಿನ ಬ್ರೇಕಿಗೆ. ಇನ್ನೊಂದರಲ್ಲಿ ಬಹಳ ಬಲವಾದ ಒಂದು ಸ್ಪ್ರಿಂಗ್. ಹ್ಯಾಂಡ್ ಬ್ರೇಕ್ ಬಿಟ್ಟಾಗ ಗಾಳಿ ಆ ಡಬ್ಬಿಗೆ ತುಂಬಿ ಸ್ಪ್ರಿಂಗನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತದೆ. ಹ್ಯಾಂಡ್ ಬ್ರೇಕ್ ಹಾಕಿದರೆ ಗಾಳಿ ಹೊರಗೆ ಹೋಗಿ ಸ್ಪ್ರಿಂಗ್ ಮುಂದೆ ಬಂದು ಚಕ್ರವನ್ನು ಹಿಡಿಯುತ್ತದೆ. ಎರಡೂ ಡಬ್ಬಿಗಳ ನಡುವಿನ ಗೋಡೆಯಲ್ಲಿ ಒಂದು ತೂತು, ಅದರಲ್ಲಿ ರಾಡ್ ಓಡಾಡುತ್ತದೆ, ಸುತ್ತ ಒಂದು ರಬ್ಬರ್ ಸೀಲ್. ಈ ಸೀಲನ್ನು ದಯವಿಟ್ಟು ನೆನಪಿಡಿ.

ಈಗ ನಮ್ಮ ಕಥೆ. ಶುಕ್ರವಾರ ಅಬ್ಬಾ ಉಡುಪಿಯಿಂದ ಖಾಲಿ ಬಸ್ ತರುತ್ತಿದ್ದರು. ಹೈವೇಯಲ್ಲಿ ಬ್ರೇಕ್ ಮುಟ್ಟದೇ ಓಡಿಸುವಾಗಲೂ ಡ್ರೈಯರ್ ಮತ್ತೆ ಮತ್ತೆ ‘ಫಟ್’ ಎಂದು ಊದುತ್ತಿತ್ತಂತೆ. ಗಾಳಿ ಖರ್ಚು ಮಾಡದಿದ್ದರೆ ಕಂಪ್ರೆಸರ್ ಯಾಕೆ ಮತ್ತೆ ಮತ್ತೆ ತುಂಬಬೇಕು? ಮನೆಗೆ ಬಂದವರೇ ಚಹಾ ಕುಡಿಯುವ ಮೊದಲೇ ಅಮ್ಮಿಗೆ ಹೇಳಿದರು: “ಹವಾ ಜಾರೈ.” ಗಾಳಿ ಹೋಗುತ್ತಿದೆ.

ಭಾನುವಾರ ಬೆಳಿಗ್ಗೆ ಚಿಕ್ಕಮಗಳೂರಿಗೆ ಮದುವೆ ಟ್ರಿಪ್ ಇತ್ತು. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆ ದಾರಿ. ರಾತ್ರಿ ಅದೇ ಘಾಟಿ ಇಳಿದು ಬರಬೇಕು. ಅಡ್ವಾನ್ಸ್ 5,000 ರೂಪಾಯಿ ಆಗಲೇ ಕೈಗೆ ಬಂದು ಬಸ್ಸಿನ ಸಾಲದ ಕಂತಿಗೆ ಹೋಗಿಯೂ ಆಗಿತ್ತು.

ಶನಿವಾರ ಒಬ್ಬರು ಮೆಕ್ಯಾನಿಕ್ ಬಂದರು. ಬಸ್ಸಿನ ಅಡಿಗೆ ಹೋಗಿ ಕಿವಿಕೊಟ್ಟರು. ರಿಲೇ ವಾಲ್ವಿನ ಬಾಯಿಯಿಂದ ಗಾಳಿ ಬರುತ್ತಿತ್ತು. ಕೈ ಹಿಡಿದರೆ ತಣ್ಣಗೆ ತಾಗುತ್ತಿತ್ತು, ನಾನೂ ಹಿಡಿದು ನೋಡಿದೆ. “ರಿಲೇ ವಾಲ್ವ್ ಹೋಗಿದೆ” ಎಂದರು. ಹೊಸ ವಾಲ್ವ್ ಮತ್ತು ಕೂಲಿ ಸೇರಿ ನಾಲ್ಕು ಸಾವಿರದ ಹತ್ತಿರ ಆಯಿತು. ಸಂಜೆ ಇಂಜಿನ್ ಸ್ಟಾರ್ಟ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟರೆ ಹೊಸ ವಾಲ್ವಿನ ಬಾಯಿಯಿಂದಲೂ ಅದೇ ಸದ್ದು. ಮೆಕ್ಯಾನಿಕ್ ತಲೆ ತುರಿಸಿಕೊಂಡು, “ಇಷ್ಟು ಸಣ್ಣ ಲೀಕಿಗೆ ಏನೂ ಆಗುವುದಿಲ್ಲ, ಕಂಪ್ರೆಸರ್ ತುಂಬಿಸಿಕೊಳ್ಳುತ್ತದೆ, ಹೋಗಿ ಬನ್ನಿ” ಎಂದರು.

ಅವರ ಮಾತು ಪೂರ್ತಿ ಸುಳ್ಳಲ್ಲ. ಕಂಪ್ರೆಸರ್ ನಿಜವಾಗಿಯೂ ತುಂಬಿಸಿಕೊಳ್ಳುತ್ತದೆ. ಫಸ್ಟ್ ಪಿಯುಸಿಯಲ್ಲಿ ನಾವು ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತಿದ್ದೆವಲ್ಲ, ಹಾಗೆ. ಎರಡೂ ಬದಿಯ ಮೊತ್ತ ಸರಿಯಾಗಿ ಕಾಣುತ್ತದೆ, ತಪ್ಪು ಎಲ್ಲಿದೆಯೋ ಅಲ್ಲೇ ಇರುತ್ತದೆ. ಘಾಟಿ ಇಳಿಯುವಾಗ ಪ್ರತಿ ತಿರುವಿಗೂ ಬ್ರೇಕ್ ತುಳಿಯಬೇಕು, ಪ್ರತಿ ಸಲ ತುಳಿದಾಗಲೂ ಸ್ವಲ್ಪ ಗಾಳಿ ಖರ್ಚು. ನಮ್ಮ ಬಸ್ಸಿನ ಎಕ್ಸಾಸ್ಟ್ ಬ್ರೇಕಿಗೂ ಇದೇ ಗಾಳಿ ಬೇಕು. ಅದರ ಮೇಲೆ ಸೋರಿಕೆ ಒಮ್ಮೆಲೇ ದೊಡ್ಡದಾದರೆ? ಗಾಳಿ ತೀರಾ ಕಡಿಮೆಯಾದರೆ ಸ್ಪ್ರಿಂಗ್ ತಾನಾಗಿ ಹಿಂದಿನ ಚಕ್ರ ಹಿಡಿಯುತ್ತದೆ, ನಿಜ. ಅದೊಂದು ರಕ್ಷಣೆ. ಆದರೆ ಮಳೆಯಲ್ಲಿ, ಕತ್ತಲೆಯಲ್ಲಿ, ತಿರುವಿನ ಮಧ್ಯೆ ಡ್ರೈವರ್ ಕೇಳದೇ ಹಿಂದಿನ ಚಕ್ರ ಹಿಡಿದುಕೊಂಡರೆ ಬಸ್ ಎಲ್ಲಿ ಜಾರುತ್ತದೆ ಎಂದು ಯಾರು ಹೇಳಬೇಕು?

ಅಬ್ಬಾ ಇಷ್ಟೆಲ್ಲ ವಿವರಿಸಲಿಲ್ಲ. ರಾತ್ರಿ ಮದುವೆ ಮನೆಯವರಿಗೆ ಫೋನ್ ಮಾಡಿ, ಪರಿಚಯದ ಇನ್ನೊಬ್ಬರ ಬಸ್ ಗೊತ್ತು ಮಾಡಿಕೊಟ್ಟರು. ಅಡ್ವಾನ್ಸ್ ವಾಪಸ್ ಕೊಡಲು ಅಮ್ಮಿಯ ಹತ್ತಿರ ಹಣ ಕೇಳಿದರು. ಅಮ್ಮಿ ಏನೂ ಮಾತಾಡದೆ ಅಲಮಾರಿಯಿಂದ ತೆಗೆದುಕೊಟ್ಟರು. ಆ ಹಣ ಯಾವುದಕ್ಕೆ ಇಟ್ಟದ್ದು ಎಂದು ನನಗೆ ಗೊತ್ತಿತ್ತು, ಸೆಕೆಂಡ್ ಟರ್ಮ್ ಫೀಸಿಗೆ.

ಭಾನುವಾರ ಬೆಳಿಗ್ಗೆ ಅಬ್ಬಾ ಅಶೋಕನಗರದ ಒಬ್ಬರು ಹಳೆಯ ಫಿಟ್ಟರನ್ನು ಕರೆತಂದರು. ಈಗ ಕೆಲಸ ಬಿಟ್ಟು ಮನೆಯಲ್ಲೇ ಇದ್ದಾರೆ. ಅಬ್ಬಾ ಅವರನ್ನು ಅಣ್ಣೇರೇ ಎನ್ನುತ್ತಾರೆ, ನಾನು ಅಂಕಲ್ ಎನ್ನುತ್ತೇನೆ. ನಾನು ಆಗಲೇ ಸಾಬೂನು ನೀರು ಕಲಸಿ ಬಕೆಟ್ ಹಿಡಿದು ನಿಂತಿದ್ದೆ. ಸೋರುವ ಜಾಗಕ್ಕೆ ಸಾಬೂನು ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ ಎಂದು ಭಾಯಿಜಾನ್ ಹೇಳಿದ್ದು ನೆನಪಿತ್ತು. ಅವರು ಬಕೆಟ್ ನೋಡಿ ನಕ್ಕರು. “ಅದು ಆಮೇಲೆ ಮಾರಾಯ್ತಿ. ಗಾಳಿ ಎಲ್ಲಿ ಹೋಗ್ತದೆ ಅಂತ ಆಮೇಲೆ ಹುಡುಕುವ. ಯಾವಾಗ ಹೋಗ್ತದೆ ಅಂತ ಮೊದಲು ಹೇಳು.”

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಗ ಅವರು ನಾಲ್ಕು ಚಕ್ರದ ಹಿಂದೆ ಮುಂದೆ ಮರದ ತುಂಡು ಅಡ್ಡ ಇಡಿಸಿದರು. ಹ್ಯಾಂಡ್ ಬ್ರೇಕ್ ಬಿಟ್ಟು ಅಡಿಗೆ ಹೋಗುವ ಕೆಲಸಕ್ಕೆ ಇದು ಮೊದಲ ಶರತ್ತು. ಗಾಳಿ ಪೂರ್ತಿ ತುಂಬಿಸಿ, ಇಂಜಿನ್ ಬಂದ್ ಮಾಡಿ, ನನ್ನನ್ನು ಡ್ರೈವರ್ ಸೀಟಿನ ಪಕ್ಕ ಕೂರಿಸಿದರು. ಮೊಬೈಲಿನ ಸ್ಟಾಪ್‌ವಾಚ್ ಹಾಕಿ ಗಾಳಿಯ ಮೀಟರ್ ನೋಡಿ ಬರೆಯಬೇಕು. ಮೂರು ಸಲ, ಪ್ರತಿ ಸಲ 10 ನಿಮಿಷ.

ಮೊದಲ ಸಲ ಹ್ಯಾಂಡ್ ಬ್ರೇಕ್ ಹಾಕಿತ್ತು, ಪೆಡಲ್ ಮೇಲೆ ಕಾಲಿಲ್ಲ. ಮುಳ್ಳು 8ರಿಂದ ಅಲುಗಲಿಲ್ಲ. ಸದ್ದೂ ಇಲ್ಲ.

ಎರಡನೆಯ ಸಲ ಹ್ಯಾಂಡ್ ಬ್ರೇಕ್ ಬಿಟ್ಟು, ಮುಳ್ಳು 8ಕ್ಕೆ ಬರುವವರೆಗೆ ಮತ್ತೆ ತುಂಬಿಸಿ ಇಂಜಿನ್ ಬಂದ್ ಮಾಡಿದೆವು. ಸದ್ದು ಶುರು. 10 ನಿಮಿಷದಲ್ಲಿ ಮುಳ್ಳು 7.4ಕ್ಕೆ ಇಳಿಯಿತು.

ಮೂರನೆಯ ಸಲ ಹ್ಯಾಂಡ್ ಬ್ರೇಕ್ ಬಿಟ್ಟೇ ಇತ್ತು, ಅಬ್ಬಾ ಪೆಡಲನ್ನು ಪೂರ್ತಿ ತುಳಿದು ಹಿಡಿದರು. ತುಳಿದ ಕೂಡಲೇ ಮುಳ್ಳು ಸ್ವಲ್ಪ ಇಳಿಯಿತು, ಅದು ಚೇಂಬರುಗಳಿಗೆ ಹೋದ ಗಾಳಿ, ಲೆಕ್ಕಕ್ಕಿಲ್ಲ. ಆಮೇಲೆ ಅಲ್ಲೇ ನಿಂತಿತು. ಸದ್ದು ನಿಂತೇ ಹೋಯಿತು!

ಅಂಕಲ್ ಅಡಿಗೆ ಹೋಗದೆಯೇ, ಬೀಡಿ ಹಚ್ಚುತ್ತಾ, ಹಿಂದಿನ ಚೇಂಬರಿನ ನಡುವಿನ ಸೀಲ್ ಎಂದರು.

ನಾನು ಮನೆಗೆ ಹೋಗಿ ಕಾಗದದಲ್ಲಿ ಚಿತ್ರ ಬರೆದು ನೋಡಿದ ಮೇಲೆ ಅರ್ಥವಾಯಿತು. ಹಂತ ಹಂತವಾಗಿ ಹೇಳುತ್ತೇನೆ. ಮೊದಲ ಪರೀಕ್ಷೆಯಲ್ಲಿ ಸೋರಲಿಲ್ಲ ಎಂದರೆ ಕಂಪ್ರೆಸರಿನಿಂದ ಟ್ಯಾಂಕ್‌ವರೆಗೆ, ಟ್ಯಾಂಕಿನಿಂದ ಪೆಡಲ್ ವಾಲ್ವ್ ಮತ್ತು ರಿಲೇ ವಾಲ್ವಿನ ಬಾಗಿಲವರೆಗೆ ಎಲ್ಲವೂ ಸರಿ. ರಿಲೇ ವಾಲ್ವ್ ನಿಜವಾಗಿ ಹಾಳಾಗಿದ್ದರೆ ಟ್ಯಾಂಕಿನ ಗಾಳಿ ಅದರ ಮೂಲಕ ಹ್ಯಾಂಡ್ ಬ್ರೇಕ್ ಹಾಕಿದಾಗಲೂ ಹೋಗಬೇಕಿತ್ತು. ಹೋಗಲಿಲ್ಲ. ಅಂದರೆ ಈ ಒಂದು ಪರೀಕ್ಷೆ ಶನಿವಾರವೇ ಮಾಡಿದ್ದರೆ ನಾಲ್ಕು ಸಾವಿರ ಉಳಿಯುತ್ತಿತ್ತು. ಎರಡನೆಯದರಲ್ಲಿ ಮಾತ್ರ ಸೋರುತ್ತದೆ ಎಂದರೆ ಹ್ಯಾಂಡ್ ಬ್ರೇಕ್ ಬಿಟ್ಟಾಗ ಮಾತ್ರ ಗಾಳಿ ತುಂಬುವ ಜಾಗದಲ್ಲಿ ತೊಂದರೆ. ಆ ಜಾಗ ಸ್ಪ್ರಿಂಗಿನ ಡಬ್ಬಿ ಮತ್ತು ಅದರ ಪೈಪುಗಳು. ಆದರೆ ಗಾಳಿ ಹೊರಗೆ ಬರುವುದು ರಿಲೇ ವಾಲ್ವಿನ ಬಾಯಿಯಿಂದ. ಸ್ಪ್ರಿಂಗಿನ ಡಬ್ಬಿಯಿಂದ ಅಲ್ಲಿಗೆ ದಾರಿ ಎಲ್ಲಿದೆ? ಒಂದೇ ದಾರಿ, ನಡುವಿನ ಸೀಲ್. ಗಾಳಿ ಸವೆದ ಸೀಲಿನ ಸಂದಿಯಿಂದ ಪಕ್ಕದ ಡಬ್ಬಿಗೆ ನುಗ್ಗಿ, ಅಲ್ಲಿಂದ ಪೈಪಿನಲ್ಲಿ ಹಿಂದಕ್ಕೆ ನಡೆದು, ಯಾರೂ ಬ್ರೇಕ್ ತುಳಿಯದಿದ್ದಾಗ ತೆರೆದೇ ಇರುವ ರಿಲೇ ವಾಲ್ವಿನ ಬಾಯಿಯಿಂದ ಹೊರಗೆ. ಪೆಡಲ್ ತುಳಿದಾಗ ಆ ಬಾಯಿ ಮುಚ್ಚುತ್ತದೆ, ಎರಡೂ ಡಬ್ಬಿಗಳಲ್ಲಿ ಸಮ ಒತ್ತಡ ಇರುತ್ತದೆ, ಹಾಗಾಗಿ ಸದ್ದು ನಿಲ್ಲುತ್ತದೆ. ಮೂರನೆಯ ಪರೀಕ್ಷೆ ಹೇಳಿದ್ದು ಇದನ್ನೇ.

ಟ್ರಯಲ್ ಬ್ಯಾಲೆನ್ಸಿನಲ್ಲಿ ವ್ಯತ್ಯಾಸ ಕಾಣುವುದು ಕೊನೆಯ ಸಾಲಿನಲ್ಲಿ. ತಪ್ಪಾದದ್ದು ಜರ್ನಲ್‌ನ ಯಾವುದೋ ಪುಟದಲ್ಲಿ. ಕೊನೆಯ ಸಾಲನ್ನು ಉಜ್ಜಿ ಬರೆದರೆ ಸರಿಯಾಗುತ್ತದೆಯೇ? ಶನಿವಾರ ನಾವು ಮಾಡಿದ್ದು ಅದು.

ಹಿಂದೆ ಎಡ, ಬಲ ಎರಡು ಚೇಂಬರ್ ಇವೆ. ಯಾವುದರ ಸೀಲ್? ಈಗ ಸಾಬೂನು ನೀರಿಗೆ ಕೆಲಸ ಬಂತು. ಕಾಲಿನ ಬ್ರೇಕಿನ ಪೈಪನ್ನು ಒಂದೊಂದೇ ಚೇಂಬರಿನಿಂದ ಬಿಚ್ಚಿದರು. ಪೆಡಲ್ ತುಳಿಯದಿದ್ದಾಗ ಆ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಬಲಗಡೆಯ ತೂತಿನ ಮೇಲೆ ನೊರೆ ಹಚ್ಚಿದರೆ ನೊರೆ ಹಾಗೇ ಕೂತಿತು. ಎಡಗಡೆಯದರ ಮೇಲೆ ಒಂದು ಗುಳ್ಳೆ ನಿಂಬೆಹಣ್ಣಿನಷ್ಟು ಬೆಳೆದು ಒಡೆಯಿತು, ಮತ್ತೊಂದು ಬೆಳೆಯಿತು. ನನ್ನ ದುಪಟ್ಟಾ ಪೂರ್ತಿ ಗ್ರೀಸ್ ಆಗಿತ್ತು. ಅಮ್ಮಿಯಿಂದ ಸಿಕ್ಕಿದ ಬೈಗಳು ಬೇರೆ ವಿಷಯ.

ಭಾನುವಾರ ಸ್ಪೇರ್ ಅಂಗಡಿ ಇಲ್ಲ. ಸೋಮವಾರ ಎಡಗಡೆಯ ಚೇಂಬರನ್ನು ಪೂರ್ತಿಯಾಗಿ ಬದಲಾಯಿಸಿದರು. ಒಂದು ರಬ್ಬರ್ ಸೀಲಿಗೆ ಇಡೀ ಡಬ್ಬಿ ಯಾಕೆ ಎಂದು ನಾನು ಖರ್ಚಿನ ಲೆಕ್ಕ ಹಾಕಿ ಕೇಳಿದೆ. ಅಂಕಲ್ ಆ ದಿನ ಒಮ್ಮೆ ಮಾತ್ರ ಗಟ್ಟಿಯಾಗಿ ಮಾತಾಡಿದರು. ಒಳಗಿನ ಸ್ಪ್ರಿಂಗ್ ಯಾವಾಗಲೂ ಒತ್ತಿ ಕೂತಿರುತ್ತದೆ. ಡಬ್ಬಿಯ ಪಟ್ಟಿ ಬಿಚ್ಚಿದರೆ ಮುಚ್ಚಳ ಗುಂಡಿನ ಹಾಗೆ ಹಾರುತ್ತದೆ, ಎದುರು ಇದ್ದವರು ಉಳಿಯುವುದಿಲ್ಲ. ಬಿಚ್ಚಿ ತೆಗೆಯುವ ಮೊದಲು ಒಂದು ಉದ್ದ ಬೋಲ್ಟ್ ಹಾಕಿ ಸ್ಪ್ರಿಂಗನ್ನು ಕಟ್ಟಿಹಾಕುತ್ತಾರೆ. ಕೆಲವು ಡ್ರೈವರುಗಳು ದಾರಿಯಲ್ಲಿ ಗಾಳಿ ಹೋಗಿ ಬಸ್ ನಿಂತಾಗ ಇದೇ ಬೋಲ್ಟ್ ಹಾಕಿ ಚಕ್ರ ಬಿಡಿಸಿಕೊಂಡು ಹಾಗೇ ಓಡಿಸುವುದೂ ಉಂಟಂತೆ. ಆಗ ಆ ಚಕ್ರಕ್ಕೆ ಹ್ಯಾಂಡ್ ಬ್ರೇಕೂ ಇಲ್ಲ, ಕೊನೆಯ ರಕ್ಷಣೆಯೂ ಇಲ್ಲ, 1869ರ ರೈಲಿನಂತೆ.

ಸ್ವಲ್ಪ ಲೆಕ್ಕ ಮಾಡೋಣ, ಇದು ನನ್ನ ವಿಭಾಗ. ಟ್ಯಾಂಕ್‌ಗಳು ಒಟ್ಟು 60 ಲೀಟರ್ ಎಂದಿಟ್ಟುಕೊಳ್ಳಿ. ಬಾಯ್ಲನ ನಿಯಮದಂತೆ 0.6 ಬಾರ್ ಇಳಿಯಿತು ಎಂದರೆ 60ನ್ನು 0.6ರಿಂದ ಗುಣಿಸಿದಷ್ಟು, ಅಂದರೆ 36 ಲೀಟರ್ ಸಾಧಾರಣ ಗಾಳಿ ಹೊರಗೆ ಹೋಗಿದೆ. ನಿಮಿಷಕ್ಕೆ 3.6 ಲೀಟರ್. 10 ಗಂಟೆ ಬಸ್ ಓಡಿದರೆ 2,160 ಲೀಟರ್ ಗಾಳಿಯನ್ನು ಕಂಪ್ರೆಸರ್ ಸುಮ್ಮನೆ ತುಂಬಬೇಕು. ಅದರ ಡೀಸೆಲ್, ಅದರ ಸವೆತ, ಬಿಸಿ, ಯಾವುದೂ ನಮ್ಮ ಖರ್ಚಿನ ಪುಸ್ತಕದಲ್ಲಿ ಬೇರೆ ಸಾಲಾಗಿ ಕಾಣುವುದಿಲ್ಲ.

ಇನ್ನೊಂದು ವಿಚಿತ್ರ. ಅಮೆರಿಕದಲ್ಲಿ ಬಸ್, ಲಾರಿ ಲೈಸೆನ್ಸ್ ಪರೀಕ್ಷೆಗೆ ಹೋದವರು ಇದೇ ರೀತಿ ಇಂಜಿನ್ ಬಂದ್ ಮಾಡಿ ಮೀಟರ್ ನೋಡಿ ತೋರಿಸಬೇಕು. ಹಿಂದೆ ಟ್ರೈಲರ್ ಇಲ್ಲದ ವಾಹನದಲ್ಲಿ ಬ್ರೇಕ್ ಬಿಟ್ಟಾಗ ನಿಮಿಷಕ್ಕೆ 2 ಪಿಎಸ್‌ಐ, ತುಳಿದು ಹಿಡಿದಾಗ 3 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ನಮ್ಮದು ಎಷ್ಟು? 0.6 ಬಾರ್ ಎಂದರೆ 8.7 ಪಿಎಸ್‌ಐ, 10 ನಿಮಿಷಕ್ಕೆ. ನಿಮಿಷಕ್ಕೆ 0.87. ಅಲ್ಲಿ ನಮ್ಮ ಬಸ್ ಪಾಸ್! ಹಾಗಾದರೆ ಶನಿವಾರದ ಮೆಕ್ಯಾನಿಕ್ ಹೇಳಿದ್ದೇ ಸರಿಯಲ್ಲವೇ ಎಂದು ಅಬ್ಬಾರನ್ನು ಕೇಳಿದೆ. “ಬೇಟಾ, ಇವತ್ತು ಅಷ್ಟು. ಸೀಲ್ ಹರಿಯುವುದು ಶುರುವಾದ ಮೇಲೆ ನಾಳೆ ಎಷ್ಟು ಅಂತ ಸೀಲಿಗೇ ಗೊತ್ತಿಲ್ಲ” ಎಂದರು. ನನಗೆ ಇದು ಸರಿ ಎನಿಸಿತು. ಸಣ್ಣದಾದರೂ ನಿನ್ನೆ ಇಲ್ಲದ್ದು ಇಂದು ಬಂದಿದ್ದರೆ ಅದನ್ನು ನೋಡಲೇಬೇಕು.

ಎಲ್ಲ ಸೋರಿಕೆಯೂ ನಮ್ಮದರಂತೆ ಕಳ್ಳದಾರಿ ಹಿಡಿಯುವುದಿಲ್ಲ. ಸಂಜೆ ತುಂಬಿದ್ದ ಟ್ಯಾಂಕ್ ಬೆಳಿಗ್ಗೆ ಇಳಿದಿದ್ದರೆ ಟ್ಯಾಂಕಿನ ಕಡೆ ಹುಡುಕಬೇಕು: ಡ್ರೈಯರಿನ ಬಾಯಿ, ಟ್ಯಾಂಕಿನಡಿಯ ನೀರು ಬಿಡುವ ವಾಲ್ವ್, ಪೈಪಿನ ಜಾಯಿಂಟುಗಳು. ನಮ್ಮೂರಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಮೇಲಿಂದ ಸಮುದ್ರದ ಉಪ್ಪುಗಾಳಿ. ಒತ್ತಿದ ಗಾಳಿಯಿಂದ ನೀರು ಬಿಟ್ಟುಕೊಳ್ಳುತ್ತದೆ, ಅದು ಟ್ಯಾಂಕಿನಲ್ಲಿ ನಿಂತರೆ ತುಕ್ಕು, ತುಕ್ಕಿನ ಪುಡಿ ವಾಲ್ವಿಗೆ ಸಿಕ್ಕಿಕೊಂಡರೆ ವಾಲ್ವ್ ಮುಚ್ಚುವುದಿಲ್ಲ. ಟ್ಯಾಂಕಿನ ನೀರು ಬಿಡುವ ಐದು ನಿಮಿಷದ ಕೆಲಸಕ್ಕೆ ಸೋಮಾರಿತನ ಮಾಡಿದವರೇ ಆಮೇಲೆ ವಾಲ್ವ್ ಕೊಳ್ಳುವುದು ಎಂದು ಅಂಕಲ್ ಅಭಿಪ್ರಾಯ. ಪೆಡಲ್ ತುಳಿದಾಗ ಮಾತ್ರ ಸೋರಿದರೆ ಕಾಲಿನ ಬ್ರೇಕಿನ ಡಯಾಫ್ರಮ್, ಅದರ ರಬ್ಬರ್ ಪೈಪ್, ಪೆಡಲ್ ಮತ್ತು ರಿಲೇ ವಾಲ್ವ್‌ಗಳನ್ನು ನೋಡಬೇಕು. ಗಾಳಿಯಲ್ಲಿ ತೆರೆಯುವ ಬಾಗಿಲು ಇದ್ದರೆ ಅದನ್ನೂ ಮರೆಯಬಾರದು.

ದೊಡ್ಡ ವೋಲ್ವೋ ಬಸ್ಸುಗಳಲ್ಲಿ, ಬಸ್ಸಿನ ಚಾಸಿಸ್ ಮೇಲೆ ಮನೆಯಂತೆ ಕಟ್ಟುವ ಕೆಲವು ಕ್ಯಾರವಾನ್‌ಗಳಲ್ಲಿ ಪ್ಲೇಟ್ ಸ್ಪ್ರಿಂಗಿನ ಬದಲು ಗಾಳಿಯ ರಬ್ಬರ್ ಚೀಲಗಳ ಮೇಲೆ ಬಾಡಿ ಕೂತಿರುತ್ತದೆ. ಅಲ್ಲಿ ಬೆಳಿಗ್ಗೆ ವಾಹನ ಒಂದು ಬದಿಗೆ ವಾಲಿದ್ದರೆ ಆ ಬದಿಯ ಚೀಲ ಅಥವಾ ಎತ್ತರ ನೋಡಿಕೊಳ್ಳುವ ವಾಲ್ವ್ ಸೋರುತ್ತಿದೆ ಎಂದು ನೋಡಿದ ಕೂಡಲೇ ಊಹಿಸಬಹುದು. ಆದರೆ ಬಾಡಿಗೆ ಗಟ್ಟಿ ಸ್ಟ್ಯಾಂಡ್ ಕೊಡದೆ ಅದರ ಅಡಿಗೆ ಹೋಗಲೇಬಾರದು. ಚೀಲದ ಗಾಳಿ ಹೋದರೆ ಬಾಡಿ ಮೈಮೇಲೆ ಇಳಿಯುತ್ತದೆ.

ಶನಿವಾರ ಬಿಚ್ಚಿದ ಹಳೆಯ ರಿಲೇ ವಾಲ್ವ್ ಸರಿಯಾಗಿಯೇ ಇತ್ತಲ್ಲ, ಅದನ್ನು ಅಬ್ಬಾ ಎಣ್ಣೆ ಹಚ್ಚಿ ಬಿಸ್ಕೆಟ್ ಡಬ್ಬಿಯಲ್ಲಿ ಇಟ್ಟಿದ್ದಾರೆ. ಕ್ಲೋಸಿಂಗ್ ಸ್ಟಾಕ್ ಎಂದು ನಾನು ತಮಾಷೆ ಮಾಡುತ್ತೇನೆ. ಫೀಸಿನ ಹಣ ಆಗಸ್ಟ್‌ನ ಎರಡು ಟ್ರಿಪ್‌ಗಳಲ್ಲಿ ಅಲಮಾರಿಗೆ ವಾಪಸ್ ಬಂತು.

ಈಗ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಅಬ್ಬಾ ಮತ್ತು ನಾನು ಚಕ್ರಕ್ಕೆ ಮರದ ತುಂಡು ಇಟ್ಟು ಈ ಮೂರು ಪರೀಕ್ಷೆ ಮಾಡುತ್ತೇವೆ. ನನ್ನ ಹಳೆಯ ಅಕೌಂಟೆನ್ಸಿ ನೋಟ್‌ಬುಕ್‌ನ ಕೊನೆಯ ಪುಟಗಳಲ್ಲಿ ಬರೆದಿಡುತ್ತೇನೆ. ಈ ತಿಂಗಳ ಲೆಕ್ಕ ಹೀಗಿದೆ: ಹ್ಯಾಂಡ್ ಬ್ರೇಕ್ ಹಾಕಿದಾಗ ಇಳಿದದ್ದು ಸೊನ್ನೆ, ಬಿಟ್ಟಾಗ ಸೊನ್ನೆ, ಪೆಡಲ್ ತುಳಿದು ಹಿಡಿದಾಗ 10 ನಿಮಿಷಕ್ಕೆ 0.2 ಬಾರ್. ಎಲ್ಲಿ ಹುಡುಕಬೇಕು ಎಂದು ಇಷ್ಟು ಓದಿದವರು ಹೇಳಬಲ್ಲಿರಿ. ಅಂಕಲ್‌ಗೆ ಫೋನ್ ಮಾಡಿದ್ದೇವೆ, ನಾಳೆ ಬರುತ್ತಾರೆ.